ಲೀಟರಿಗೆ ಹದಿನಾರು

6 ನವೆಂಬರ್ 2006, ಸೋಮವಾರ. ಬೆಳಿಗ್ಗೆ 6.30

ಬೈಕಿಗೆ ನಿನ್ನೆ ಸಂಜೆ ಎರಡು ಲೀಟರ್ ಹಾಕಿಸಿದೆ. ಹಿಂದಿನ ಎರಡು ಲೀಟರಿಗೆ ಓಡಿದ್ದು 104 ಕಿಲೋಮೀಟರ್. ಅಂದರೆ 52. ಹೋದ ವಾರ 54 ಇತ್ತು. ಏರ್ ಫಿಲ್ಟರ್ ಬಿಚ್ಚಿ ನೋಡಬೇಕು.

ಪ್ರೇಮಲೀಲಾ ಕಾಫಿ ತಂದಿಟ್ಟು, "ಹೆಂಡ್ತಿ ಹುಟ್ಟಿದ ದಿನ ಕೇಳಿದ್ರೆ ತಲೆ ಕೆರ್ಕೋತೀರ. ಮೈಲೇಜು ಮಾತ್ರ ಪಾಯಿಂಟ್ ಸಮೇತ ಬಾಯಲ್ಲೇ ಇರುತ್ತೆ" ಅಂದಳು. ಅಂದುಕೊಳ್ಳಲಿ. ಹದಿನೆಂಟು ವರ್ಷ ಬೈಕ್ ಕಾರ್ಖಾನೆಯ ರೋಡ್ ಟೆಸ್ಟಿನಲ್ಲಿ ಸವೆದವನು ನಾನು. ಕಾರ್ಖಾನೆ ಮುಚ್ಚಿ ಹತ್ತು ವರ್ಷವಾಯಿತು. ಚಟ ಹೋಗಿಲ್ಲ.

ಈಗ ನೋಡು, ಐವತ್ಮೂರನೇ ವಯಸ್ಸಿಗೆ ಆಟದ ಗಾಡಿಗಳ ಮೆಕ್ಯಾನಿಕ್. ಇಲವಾಲ ದಾಟಿ ನಮ್ಮ ಸಾಹುಕಾರ್ ಪ್ರಭುಸ್ವಾಮಿಯವರ ಬಂಡೆಗುಡ್ಡ. ಬಾಡಿಗೆಗೆ ಓಡಿಸುವ ನಾಲ್ಕು ಚಕ್ರದ ಬೈಕು ಆರು. ಅವರು ಏಟೀವಿ ಅನ್ನುತ್ತಾರೆ, ಸುತ್ತಲಿನ ಊರಿನವರು ಕಪ್ಪೆ ಗಾಡಿ ಅನ್ನುತ್ತಾರೆ. ಮೈಸೂರಿನ ಗೋಕುಲಂಗೆ ಯೋಗ ಕಲಿಯಲು ಬಂದ ಫಾರಿನರ್ಸ್ ಬೆಳಿಗ್ಗೆ ತಲೆ ಕೆಳಗೆ ಮಾಡಿ ನಿಂತು, ಮಧ್ಯಾಹ್ನ ಇಲ್ಲಿ ಬಂದು ಮೂಳೆ ಕುಲುಕಿಸಿಕೊಳ್ಳುತ್ತಾರೆ. ದಾರಿ ತೋರಿಸಿಕೊಂಡು ಮುಂದಿನ ಗಾಡಿಯಲ್ಲಿ ಹೋಗುವವನು ಚಿಕ್ಕಬಸವಯ್ಯ. ಅವನೂ ನಮ್ಮ ಕಾರ್ಖಾನೆಯವನೇ, ರೋಡ್ ಟೆಸ್ಟಿನಲ್ಲೇ ಇದ್ದವನು. ಇಲ್ಲಿಗೆ ಅವನನ್ನು ಸೇರಿಸಿದ್ದು ನಾನು.

ಪ್ರಭುಸ್ವಾಮಿಯವರ ಹೊಸ ತಲೆಬಿಸಿ — ಪೆಟ್ರೋಲ್. ಕ್ಯಾನುಗಳು ಬೇಗ ಬರಿದಾಗುತ್ತಿವೆಯಂತೆ. "ಪ್ರಸಾದ್ರೇ, ಒಂದು ಲೀಟರಿಗೆ ಈ ಗಾಡಿ ನಿಜವಾಗ್ಲೂ ಎಷ್ಟು ಓಡುತ್ತೆ? ನೀವೇ ಟೆಸ್ಟ್ ಮಾಡಿ ಹೇಳ್ಬುಡಿ. ನಿಮ್ಮ ಮಾತೇ ಫೈನಲ್" ಅಂದರು. ನಾಳೆ ಮಾಡುತ್ತೇನೆ.

7 ನವೆಂಬರ್, ಮಂಗಳವಾರ. ಸಂಜೆ

ಟೆಸ್ಟ್ ಆಯಿತು. 16.4!

ಟ್ಯಾಂಕ್ ಪೂರ್ತಿ ಬಸಿದು, ಒಂದು ಲೀಟರ್ ಅಳೆದು ಹುಯ್ದು, ನಿಲ್ಲುವ ತನಕ ಓಡಿಸಿದೆ. ಕಾರ್ಖಾನೆಯಲ್ಲಿ ಮಾಡುತ್ತಿದ್ದ ಹಾಗೇ. ಕೈ ಇನ್ನೂ ಮರೆತಿಲ್ಲ. ಪ್ರಭುಸ್ವಾಮಿಯವರು ಬೆನ್ನು ತಟ್ಟಿ, "ಇದಪ್ಪಾ ಅನುಭವ ಅಂದ್ರೆ" ಅಂದರು. ಹತ್ತು ವರ್ಷದಲ್ಲಿ ಯಾರೂ ಹೀಗೆ ಅಂದಿರಲಿಲ್ಲ. ಖುಷಿಯಾಯಿತು. ಸುಳ್ಳು ಯಾಕೆ, ತುಂಬಾ ಖುಷಿಯಾಯಿತು.

ಹೇಗೆ ಬಂತು ಅಂತ ಇಲ್ಲಾದರೂ ಬರೆಯುತ್ತೇನೆ. ಈ ಉಬ್ಬು ಟೈರುಗಳಿಗೆ ನಾಲ್ಕು ಪೌಂಡ್ ಗಾಳಿ ಇರಬೇಕು. ಹತ್ತು ಹೊಡೆದೆ. ಬಂಡೆದಾರಿ ಬಿಟ್ಟು ಟಾರ್ ರಸ್ತೆ ಹಿಡಿದೆ. ಬೆಳಗಿನ ತಂಪು, ನಾನೊಬ್ಬನೇ, ಆಕ್ಸಿಲರೇಟರ್ ಅಲ್ಲಾಡಿಸದೆ ಒಂದೇ ವೇಗ. ಇಳಿಜಾರು ಬಂದಲ್ಲೆಲ್ಲ ನ್ಯೂಟ್ರಲ್ಲಿಗೆ ಹಾಕಿ ಕೀ ಆಫ್. ಮೈಸೂರಿನಲ್ಲಿ ಬೆಟ್ಟದಿಂದ ಇಳಿಯುವವರು ಎಲ್ಲರೂ ಮಾಡುವುದೇ ಅದು. ಕಾರ್ಖಾನೆಯಲ್ಲೂ ಮಾಡುತ್ತಿದ್ದೆ. ಹಾಗೆ ಮಾಡಿಯೇ ಅಲ್ಲವೇ ಮೂರು ವರ್ಷ ಮೈಲೇಜಿನಲ್ಲಿ ಫಸ್ಟ್ ಬಂದದ್ದು.

ಪ್ರಭುಸ್ವಾಮಿಯವರು ಕೇಳಲಿಲ್ಲ. ನಾನು ಹೇಳಲಿಲ್ಲ.

10 ನವೆಂಬರ್, ಶುಕ್ರವಾರ

ಶೆಡ್ಡಿನ ಬಾಗಿಲ ಮೇಲೆ ಪೇಂಟಿನಲ್ಲಿ ಬರೆಸಿದ್ದಾರೆ — ಲೀಟರಿಗೆ 16. ಇನ್ನು ಪೆಟ್ರೋಲ್ ಇದರ ಪ್ರಕಾರವೇ. ಅಣೆಕಟ್ಟಿನ ಹಿನ್ನೀರಿನ ತನಕ ಹೋಗಿ ಬರುವ ದೊಡ್ಡ ರೈಡ್ 42 ಕಿಲೋಮೀಟರ್. ಮೊದಲು ಟ್ಯಾಂಕ್ ತುಂಬಾ ಹಾಕುತ್ತಿದ್ದೆವು, ಆರು ಲೀಟರ್. ಇನ್ನು ಸ್ವಲ್ಪ ಹೆಚ್ಚೇ ಹಿಡಿದು ಗಾಡಿಗೆ ಮೂರೂವರೆ. ಗೈಡ್ ಒಯ್ಯುತ್ತಿದ್ದ ಸ್ಪೇರ್ ಕ್ಯಾನೂ ಬಂದ್. ಕಳ್ಳತನ ಆಗುವುದೇ ಅದರಲ್ಲಿ ಅಂತ ಅವರ ನಂಬಿಕೆ.

ಬಸವಯ್ಯ ಅದನ್ನು ನೋಡಿ ನಕ್ಕ. "ಅಣ್ಣ, ಇದು ಈ ಗಾಡೀದಾ, ನಿಮ್ ಬೈಕಿಂದಾ?"

ನಾನೂ ನಕ್ಕೆ. ಮಾತು ಅಲ್ಲಿಗೇ ಬಿಟ್ಟೆ.

20 ನವೆಂಬರ್, ಸೋಮವಾರ. ಸಂಜೆ 7

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ಊಟ ಸೇರುವುದಿಲ್ಲ.

ವಾರದಲ್ಲಿ ಮೂರು ಸಲ ಗಾಡಿಗಳು ದಾರಿಯಲ್ಲೇ ನಿಂತಿವೆ. ನಿಲ್ಲದೆ ಏನು? ಬಂಡೆ ಹತ್ತಿ, ಮರಳಲ್ಲಿ ಹೂತು, ಫಸ್ಟ್ ಗೇರಿನಲ್ಲಿ ಒದರಿಕೊಂಡು ಹೋಗುವ ಗಾಡಿಗೆ ಹತ್ತು ಬಂದರೆ ದೊಡ್ಡದು. ಪ್ರಭುಸ್ವಾಮಿಯವರ ಲೆಕ್ಕವೇ ಬೇರೆ. ಹದಿನಾರು ಬರಬೇಕಾದಲ್ಲಿ ಹತ್ತು ಬರುತ್ತಿದೆ ಅಂದರೆ ಉಳಿದದ್ದು ಎಲ್ಲಿಗೆ ಹೋಯಿತು?

ಇವತ್ತು ಎಲ್ಲರ ಎದುರಿಗೆ ಬಸವಯ್ಯನ ಮೊಪೆಡ್ ಟ್ಯಾಂಕಿನ ಮುಚ್ಚಳ ತೆಗೆಸಿದರು. ಕಡ್ಡಿ ಇಳಿಸಿ ನೋಡಿದರು. ಅರ್ಧ ಟ್ಯಾಂಕ್ ಇತ್ತು.

"ಸಾ, ನಂದು ಆಯಿಲ್ ಬೆರ್ಸಿದ ಪೆಟ್ರೋಲು. ಬಣ್ಣ ನೋಡಿ ಸಾ" ಅಂದ.

"ಬೆರ್ಸೋಕೆ ಎಷ್ಟೊತ್ತಯ್ಯಾ ಬೇಕು? ಇಂಥೋರ್ನ ಕೆಲಸಕ್ಕಿಟ್ಕೊಂಡಿದ್ದೇ ನನ್ನ ತಪ್ಪು."

ಇಂಥೋರು. ಎಂಥೋರು ಅಂತ ಯಾರೂ ಬಿಡಿಸಿ ಹೇಳಲಿಲ್ಲ. ನನಗೆ ಅರ್ಥವಾಯಿತು, ಬಸವಯ್ಯನಿಗೂ ಅರ್ಥವಾಯಿತು. ಗೆಸ್ಟುಗಳು ಹೆಲ್ಮೆಟ್ ಹಿಡಿದುಕೊಂಡು ನೋಡುತ್ತಿದ್ದರು. ಬಸವಯ್ಯ ಮುಚ್ಚಳ ತಿರುಗಿಸಿ ಹಾಕಿದ. ನನ್ನ ಕಡೆ ನೋಡಲಿಲ್ಲ.

ನಾನು ಎರಡು ಮಾರು ದೂರದಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದೆ. 'ಸಾರ್, ಆ ಹದಿನಾರು ಸರಿಯಲ್ಲ' ಅನ್ನಲು ಎಷ್ಟು ಹೊತ್ತು ಬೇಕು? ಬಾಯಿ ಬರಲಿಲ್ಲ. ನಾಚಿಕೆಯಾಗುತ್ತಿದೆ.

22 ನವೆಂಬರ್, ಬುಧವಾರ

ಊಟದ ಹೊತ್ತಿಗೆ ಬಸವಯ್ಯ ಪಕ್ಕದಲ್ಲಿ ಬಂದು ಕೂತ. ಡಬ್ಬಿ ಬಿಚ್ಚಲಿಲ್ಲ.

"ಅಣ್ಣ, ಕೇಳ್ತೀನಿ ಅಂತ ಬೇಜಾರ್ ಮಾಡ್ಕೋಬೇಡಿ. ಅದಿನಾರು ಎಂಗೆ ತಂದ್ರಿ? ನಾನು ಏನ್ ಮಾಡುದ್ರೂ ಹತ್ತರ ಮೇಕೆ ಓಗ್ತಿಲ್ಲ. ನನ್ನ ಕಳ್ಳ ಅಂತವ್ರೆ."

ಆಗಲಾದರೂ ಹೇಳಬಹುದಿತ್ತು. ಅವನೊಬ್ಬನಿಗಾದರೂ. ಅದರ ಬದಲು, ಗುಟ್ಟು ಹೇಳಿಕೊಡುವವನ ಥರ ಸುತ್ತ ನೋಡಿ, "ಇಳಿಜಾರಲ್ಲಿ ನ್ಯೂಟ್ರಲ್ ಹಾಕಿ ಆಫ್ ಮಾಡ್ಬುಡು" ಅಂದೆ.

"ಇದು ಬೈಕಲ್ಲ ಕಣಣ್ಣ. ಮುನ್ನೂರು ಕೇಜಿ ತೂಗುತ್ತೆ. ಇಳಿಯುವಾಗ ಇಂಜಿನ್ನೇ ಗಾಡೀನ ಇಡ್ಕೋಬೇಕು. ಬರೀ ಬ್ರೇಕಲ್ಲಿ ನಿಲ್ಲಲ್ಲ."

"ನಾನು ಇಳಿಸಿಲ್ವಾ? ಏನೂ ಆಗಲ್ಲ ಬುಡು."

ನಾನು ಇಳಿಸಿದ್ದು ಟಾರ್ ರಸ್ತೆಯಲ್ಲಿ. ಅದನ್ನು ಹೇಳಲಿಲ್ಲ.

ಅವನು ಆಯ್ತು ಅನ್ನುವ ಹಾಗೆ ತಲೆಯಾಡಿಸಿದ. ನನಗಿಂತ ಐದೇ ವರ್ಷ ಚಿಕ್ಕವನು. ಇಷ್ಟು ವರ್ಷದಲ್ಲಿ ಒಂದು ದಿನವೂ ನನ್ನನ್ನು ನೀನು ಅಂದಿಲ್ಲ. ನಾನು ಒಂದು ದಿನವೂ ಅವನನ್ನು ನೀವು ಅಂದಿಲ್ಲ. ನಾನು ಹೇಳಿದ್ದಕ್ಕೆ ಎದುರು ಹೇಳಿದ್ದೂ ಇಲ್ಲ. ಇವತ್ತೇ ಮೊದಲು, ಅದೂ ಒಂದೇ ಸಲ.

3 ಡಿಸೆಂಬರ್, ಭಾನುವಾರ

ಬಸವಯ್ಯನ ಗಾಡಿಗೆ 14 ಬರುತ್ತಿದೆ. ಪ್ರಭುಸ್ವಾಮಿಯವರು, "ನೋಡಿದ್ರಾ ಪ್ರಸಾದ್ರೇ, ಒಂದ್ಸಲ ಗದರಿಸಿದ ಮೇಲೆ ಹೆಂಗೆ ಬಂತು" ಅಂದರು. ಹೂಂ ಅಂದೆ. ಬಸವಯ್ಯ ಈಗ ಊಟದ ಹೊತ್ತಿಗೆ ಮಾತಾಡುತ್ತಾನೆ, ನಗುತ್ತಾನೆ. ಎಲ್ಲ ಸರಿಹೋಯಿತು ಅನ್ನಿಸುತ್ತದೆ.

ನನ್ನ ಬೈಕು 55. ಏರ್ ಫಿಲ್ಟರೇ ಆಗಿತ್ತು.

17 ಡಿಸೆಂಬರ್, ಭಾನುವಾರ

ಎಂಟು ದಿನವಾಯಿತು. ಪೆನ್ನು ಹಿಡಿದಿರಲಿಲ್ಲ.

9ನೇ ತಾರೀಖು ಶನಿವಾರ. ಗೋಕುಲಂನಿಂದ ಇಬ್ಬರು, ಒಬ್ಬ ಗಂಡಸು, ಒಬ್ಬ ಹೆಂಗಸು. ಹಿನ್ನೀರಿನ ರೈಡ್. ಬರುವಾಗ ಇಬ್ಬರ ಗಾಡಿಯೂ ಗುಡ್ಡದ ಆಚೆ ನಿಂತುಹೋಯಿತು. ಅವರು ಆಕ್ಸಿಲರೇಟರ್ ತಿರುವುವುದು ಹಾಗೇ. ಮೂರೂವರೆ ಲೀಟರ್ ಎಲ್ಲಿಗೆ ಸಾಕು? ಸ್ಪೇರ್ ಕ್ಯಾನ್ ಇಲ್ಲ. ಬಸವಯ್ಯ ತನ್ನ ಟ್ಯಾಂಕಿನಿಂದ ಪೈಪ್ ಹಾಕಿ ಇಬ್ಬರಿಗೂ ಬಸಿದುಕೊಟ್ಟು ಮುಂದೆ ಕಳಿಸಿದ. ತನಗೆ ಉಳಿಸಿಕೊಂಡದ್ದು ಗುಡ್ಡ ಹತ್ತುವಷ್ಟು. ಇಳಿಯುವುದಕ್ಕೆ ಪೆಟ್ರೋಲ್ ಯಾಕೆ? ಆಫ್ ಮಾಡಿದರಾಯಿತು.

ಮಳೆಗೆ ಕೊರೆದ ಕೊರಕಲು ಇಳಿಜಾರಿನ ನಡುವೆಯೇ ಇದೆ. ಫಸ್ಟ್ ಗೇರಿನಲ್ಲಿದ್ದರೆ ನಿಧಾನಕ್ಕೆ ಇಳಿಯುತ್ತಿತ್ತು. ಬ್ರೇಕು ಹಿಡಿದಾಗ ಹಿಂದಿನ ಚಕ್ರ ಪಕ್ಕಕ್ಕೆ ಜಾರಿದೆ. ಗಾಡಿ ಮಗುಚಿ ಅವನ ಸೊಂಟದ ಮೇಲೆ ಬಿದ್ದಿದೆ.

ಸದ್ದು ಕೇಳಿ ಶೆಡ್ಡಿನಿಂದ ಮೊದಲು ಓಡಿದವನು ನಾನು. ನಾಲ್ಕು ಜನ ಸೇರಿ ಗಾಡಿ ಎತ್ತಿದೆವು. ಬಸವಯ್ಯನಿಗೆ ಪ್ರಜ್ಞೆ ಇತ್ತು. "ಅಣ್ಣ, ಅವ್ರಿಬ್ರೂ ಸರಿಯಾಗ್ ತಲುಪುದ್ರಾ?" ಅಂತ ಕೇಳಿದ. ಆಮೇಲೆ, "ಕಾಲು ಎಲ್ಲವೆ ಅಂತಲೇ ಗೊತ್ತಾಯ್ತಿಲ್ಲ ಕಣಣ್ಣ" ಅಂದ.

ಬೆನ್ನುಮೂಳೆ. ದೊಡ್ಡಾಸ್ಪತ್ರೆಯಲ್ಲಿದ್ದಾನೆ. ಇನ್ನು ನಡೆಯುವುದಿಲ್ಲ ಅಂದಿದ್ದಾರೆ.

19 ಡಿಸೆಂಬರ್, ಮಂಗಳವಾರ

ಪ್ರಭುಸ್ವಾಮಿಯವರು ಒಂದು ಕಾಗದ ಟೈಪ್ ಮಾಡಿಸಿ ತಂದಿದ್ದರು. ಕೀ ಆಫ್ ಆಗಿತ್ತು, ಗೇರ್ ನ್ಯೂಟ್ರಲ್ಲಿನಲ್ಲಿತ್ತು, ಗಾಡಿಯಲ್ಲಿ ಯಾವ ದೋಷವೂ ಇರಲಿಲ್ಲ, ಅಪಘಾತ ಚಾಲಕನ ಅಜಾಗರೂಕತೆಯಿಂದ ಆದದ್ದು. ಕೆಳಗೆ — ಮಹದೇವಪ್ರಸಾದ್, ಮೆಕ್ಯಾನಿಕ್.

"ನೀವೇ ನೋಡಿದ್ದಲ್ವಾ? ಒಂದು ಸೈನ್ ಹಾಕ್ಬುಡಿ. ತಪ್ಪು ಅವನದ್ದು ಅಂತಾದ್ರೆ ನಮ್ಮ ಮೇಲೇನೂ ಬರಲ್ಲ."

ಕೀ ಆಫ್ ಆಗಿದ್ದು ನಿಜ. ನ್ಯೂಟ್ರಲ್ಲಿನಲ್ಲಿ ಇದ್ದದ್ದು ನಿಜ. ದೋಷ ಇರಲಿಲ್ಲ, ಅದೂ ನಿಜ. ಎಲ್ಲ ನಿಜ ಅಂತ ಹೇಳಿಕೊಂಡು ಸೈನ್ ಹಾಕಿದೆ. ಅಜಾಗರೂಕತೆ ಅನ್ನುವ ಪದದ ಮೇಲೆ ಕಣ್ಣು ನಿಲ್ಲಿಸಲಿಲ್ಲ.

ರಾತ್ರಿ ಊಟ ಬೇಡ ಅಂದೆ. ಪ್ರೇಮಲೀಲಾ, "ನೀವು ಊಟ ಬಿಟ್ರೆ ಬಸವಯ್ಯನೋರು ಎದ್ದು ನಡೀತಾರಾ? ಏನಾಗಿದೆ ಹೇಳಿ" ಅಂದಳು. ಏನಿಲ್ಲ ಅಂದೆ. ಅವಳಿಗೂ ಹೇಳಲಿಲ್ಲ.

15 ಜನವರಿ 2007, ಸೋಮವಾರ

ಸಂಕ್ರಾಂತಿ. ಎಳ್ಳು ಬೆಲ್ಲ ಹಿಡಿದುಕೊಂಡು ಪಕ್ಕದ ಹೆಬ್ಬಾಳಕ್ಕೆ, ಬಸವಯ್ಯನ ಮನೆಗೆ ಹೋದೆ. ಹೋದ ವಾರ ಮನೆಗೆ ಕರೆತಂದಿದ್ದಾರೆ. ಒಂದೇ ಕೋಣೆ. ಬುದ್ಧನ ಫೋಟೋದ ಕೆಳಗೆ ಮಂಚ. ಬಾಗಿಲು ಬೀದಿಗೇ ಇದೆ, ಮಲಗಿದ್ದಲ್ಲಿಂದ ಬಸ್ಸುಗಳು ಕಾಣುತ್ತವೆ. ಹೆಂಡತಿ ತಿಮ್ಮಮ್ಮ ಅವನನ್ನು ಎತ್ತಿ ದಿಂಬಿಗೆ ಒರಗಿಸಿ ಕೂರಿಸಿದ್ದಳು. ತಲೆ ಬಾಚಿ, ತೊಳೆದ ಶರ್ಟ್ ಹಾಕಿದ್ದಳು.

"ಬನ್ನಿ ಅಣ್ಣ, ಕೂತ್ಕೊಳಿ" ಅಂದ. ಹೊಸ ಗೈಡು ಹೇಗೆ, ನಾಲ್ಕನೇ ಗಾಡಿಯ ಕ್ಲಚ್ ಏನಾಯಿತು — ಅದೇ ಮಾತು. ಅಪಘಾತದ ಸುದ್ದಿ ನಾನೂ ತೆಗೆಯಲಿಲ್ಲ, ಅವನೂ ತೆಗೆಯಲಿಲ್ಲ. ನಡುವೆ ಮಾತು ನಿಂತಾಗ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಎಳ್ಳು ಅಗಿಯುತ್ತಾ ಕೂತಿದ್ದೆ.

ಹೊರಟಾಗ, "ಇನ್ನೊಸಿ ಒತ್ತು ಕೂತ್ಕೊಳಿ ಅಣ್ಣ" ಅಂದ. ಕೆಲಸವಿದೆ ಅಂತ ಸುಳ್ಳು ಹೇಳಿ ಬಂದೆ.

12 ಫೆಬ್ರವರಿ, ಸೋಮವಾರ. ಬೆಳಿಗ್ಗೆ 8

ಯಾರೂ ಬರುವ ಮುಂಚೆ ಶೆಡ್ಡಿಗೆ ಹೋಗಿ ನಾನೇ ಇನ್ನೊಂದು ಟೆಸ್ಟ್ ಮಾಡಿದೆ. ಟೈರಿಗೆ ನಾಲ್ಕು ಪೌಂಡ್. ಬಂಡೆದಾರಿ. ಇಳಿಜಾರಿನಲ್ಲಿ ಫಸ್ಟ್ ಗೇರ್, ಇಂಜಿನ್ ಆನ್.

ಲೀಟರಿಗೆ 9.8.

ಅಂದರೆ ದೊಡ್ಡ ರೈಡಿಗೆ ನಾಲ್ಕೂಕಾಲು ಲೀಟರ್ ಬೇಕೇ ಬೇಕು, ಹೊಸಬರು ಓಡಿಸಿದರೆ ಐದು. ಬಸವಯ್ಯ ಒಂದು ಹನಿ ಕದ್ದಿರಲಿಲ್ಲ. ನನಗೆ ಮೊದಲಿಂದ ಗೊತ್ತಿದ್ದದ್ದೇ. ಆದರೂ ಅಳತೆ ಮಾಡಿ ನೋಡಿದೆ. ಯಾಕೆ ನೋಡಿದೆನೋ. ಯಾರಿಗೂ ತೋರಿಸುವುದಕ್ಕಂತೂ ಅಲ್ಲ.

9 ಮಾರ್ಚ್, ಶುಕ್ರವಾರ

ಬೆಳಿಗ್ಗೆ ಆರಕ್ಕೆ ಹಿನಕಲ್ ಸರ್ಕಲ್ಲಿನಲ್ಲಿ ಹಾಲು ತರುವಾಗ ಬಸವಯ್ಯನ ಮಗಳು ಪ್ರೀತಿ ಸಿಕ್ಕಿದಳು. ಹಿಂದಿನ ದಿನ ಇಲ್ಲೇ ಗೆಳತಿಯ ಮನೆಯಲ್ಲಿ ಉಳಿದಿದ್ದಳಂತೆ, ಫ್ಯಾಕ್ಟರಿಯ ಶಿಫ್ಟ್ ಬಸ್ಸಿಗೆ ಕಾಯುತ್ತಿದ್ದಳು. ಅಪ್ಪ ಬಿದ್ದ ಮೇಲೆ ಕಾಲೇಜು ಬಿಟ್ಟು ಕೆಲಸಕ್ಕೆ ಸೇರಿದ್ದಾಳೆ.

"ಅಂಕಲ್, ಒಂದ್ ಮಾತು ಕೇಳ್ಲಾ? ನಮ್ಮಪ್ಪ ಇಳಿಜಾರಲ್ಲಿ ಗಾಡಿ ಆಫ್ ಮಾಡೋರೇ ಅಲ್ಲ. ನಂಗೆ ಸ್ಕೂಟಿ ಕಲ್ಸುವಾಗ ಒಂದ್ಸಲ ಆಫ್ ಮಾಡಿದ್ದಕ್ಕೆ ಹೊಡೆಯೋಕೇ ಬಂದಿದ್ರು. ಅವತ್ಯಾಕೆ ಹಂಗೆ ಮಾಡುದ್ರು? ಕೇಳುದ್ರೆ ಸುಮ್ನಾಗ್ತಾರೆ. ಯಾರಾದ್ರೂ ಏನಾದ್ರೂ ಹೇಳಿದ್ರಾ?"

ಹುಡುಗಿಯ ಕೈಯಲ್ಲಿ ತಿಂಡಿ ಡಬ್ಬಿ. ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು.

"ಗೊತ್ತಿಲ್ಲ ಕಣಮ್ಮ" ಅಂದೆ.

ಬಸ್ ಬಂತು. ಹತ್ತಿಕೊಂಡು ಹೋದಳು. ಇಷ್ಟು ದಿನ ಹೇಳದೆ ಇದ್ದೆ. ಇವತ್ತು ಬಾಯಿಬಿಟ್ಟು ಸುಳ್ಳು ಹೇಳಿದೆ. ಹೇಡಿ ನಾನು.

24 ಜೂನ್, ಭಾನುವಾರ. ಸಂಜೆ

ಮೂರು ತಿಂಗಳು ಇದನ್ನು ಬೀರುವಿನಿಂದ ತೆಗೆಯಲಿಲ್ಲ.

ಬಸವಯ್ಯ ಮತ್ತೆ ಆಸ್ಪತ್ರೆಯಲ್ಲಿದ್ದಾನೆ. ಮಲಗಿ ಮಲಗಿ ಬೆನ್ನು ಹುಣ್ಣಾಗಿ, ಅದು ಕೀವಾಗಿ ಜ್ವರ. ಅರ್ಧ ಆಗಿದ್ದಾನೆ. ನಾನು ಹೋದಾಗ ಎಚ್ಚರವಿತ್ತು.

"ಕಳ್ಳ ಅಂದ್ರು, ಓಗ್ಲಿ ಬುಡಿ ಅಣ್ಣ. ಅದ್ ನಂಗೇನ್ ಒಸದಲ್ಲ. ಆದ್ರೆ ಪ್ರಭುಸ್ವಾಮೇರು ಒಸಬ್ರಿಗೆಲ್ಲ ಏಳ್ತಾರಂತೆ, ಗಾಡಿ ಓಡ್ಸಕ್ ಬರ್ದೋನ್ ಗತಿ ಏನಾಯ್ತು ಗೊತ್ತಾ ಅಂತ. ಅದಿನಾರು ವರ್ಸ ರೋಡ್ ಟೆಸ್ಟು ಮಾಡ್ದೋನು ನಾನು. ಒಂದಿನ ಬಿದ್ದಿಲ್ಲ, ಒಂದು ಗಾಡಿಗೆ ಗೀರು ಬೀಳ್ಸಿಲ್ಲ. ಅದು ನಿಮ್ಗಿಂತ ಯಾರ್ಗೆ ಚೆನ್ನಾಗ್ ಗೊತ್ತು ಏಳಿ."

ಅಷ್ಟು ಹೇಳಿ ನನ್ನನ್ನೇ ನೋಡಿದ. ಈ ಸಲ ನನಗೂ ಕಣ್ಣು ತಪ್ಪಿಸಲು ಆಗಲಿಲ್ಲ. ಬಾಯಿ ತೆರೆದೆ. ಎಳನೀರು ತರುತ್ತೇನೆ ಅಂದೆ.

ಗೇಟಿನ ಹತ್ತಿರ ನಿಂತು ಅತ್ತೆ. ನಾಳೆ ಹೇಳಿಯೇ ಹೇಳುತ್ತೇನೆ. ಮೊದಲು ಪ್ರಭುಸ್ವಾಮಿಯವರಿಗೆ, ಆಮೇಲೆ ಆಸ್ಪತ್ರೆಗೆ ಹೋಗಿ ಬಸವಯ್ಯನಿಗೆ, ಹೇಳಿ ಬಂದೆ ಕಣಪ್ಪಾ ಅಂತ. ಕೆಲಸ ಹೋದರೆ ಹೋಗಲಿ.

25 ಜೂನ್, ಸೋಮವಾರ

ಪ್ರಭುಸ್ವಾಮಿಯವರು ಊರಲ್ಲಿಲ್ಲ. ಬುಧವಾರ ಬರುತ್ತಾರೆ.

27 ಜೂನ್, ಬುಧವಾರ

ಬಂದರು. ಹೊಸ ಗಾಡಿ ನಾಲ್ಕು ಲಾರಿಯಿಂದ ಇಳಿಸುವ ಗಡಿಬಿಡಿ. ಸುತ್ತ ಹತ್ತು ಜನ. ಆ ಹೊತ್ತಲ್ಲಿ ಹೇಗೆ ಹೇಳುವುದು?

2 ಜುಲೈ, ಸೋಮವಾರ

ಹೊಸ ಗಾಡಿಗಳದ್ದು ನಾನೇ ಟೆಸ್ಟ್ ಮಾಡಬೇಕಂತೆ. "ನಿಮ್ಮ ಮಾತೇ ಫೈನಲ್ ಪ್ರಸಾದ್ರೇ." ಅವರ ರೂಮಿನ ಬಾಗಿಲ ತನಕ ಹೋದೆ. ಫೋನಿನಲ್ಲಿದ್ದರು. ವಾಪಸ್ ಬಂದೆ.

8 ಜುಲೈ, ಭಾನುವಾರ

ಬಸವಯ್ಯ ಹೋದ. ಬೆಳಿಗ್ಗೆ ಐದೂಕಾಲಿಗೆ.

19 ಜುಲೈ, ಗುರುವಾರ. ಸಂಜೆ 6

ಹನ್ನೊಂದನೇ ದಿನದ ಕಾರ್ಯ ನಿನ್ನೆ ಮುಗಿದಿದೆ. ಇವತ್ತು ತಿಮ್ಮಮ್ಮ ಒಬ್ಬಳೇ ಇದ್ದಾಗ ಹೋದೆ. ನಿಂತುಕೊಂಡೇ ಹೇಳಿಬಿಟ್ಟೆ. ಹದಿನಾರು ಬಂದದ್ದು ಹೇಗೆ, ಯಾರು ಆಫ್ ಮಾಡು ಅಂದದ್ದು, ಯಾವ ಕಾಗದಕ್ಕೆ ಸೈನ್ ಹಾಕಿದ್ದು. ಎಲ್ಲ. ಬೈಯುತ್ತಾಳೆ, ಆಚೆ ಹಾಕುತ್ತಾಳೆ ಅಂದುಕೊಂಡಿದ್ದೆ. ಹಾಗೆ ಮಾಡಿದ್ದರೆ ಚೆನ್ನಾಗಿತ್ತು.

ತಿಮ್ಮಮ್ಮ ಸೆರಗಿನಿಂದ ಮಂಚ ಒರೆಸಿ, "ಕೂತ್ಕೊಳಿ" ಅಂದಳು.

"ನಂಗೆ ಮೊದ್ಲೇ ಗೊತ್ತು ಕಣಣ್ಣ. ಬಿದ್ದ ಮಾರ್ನೆ ದಿನವೇ ನನ್ ಅತ್ರ ಎಲ್ಲಾನೂ ಏಳುದ್ರು. ಪ್ರೀತಿಗೆ ಏಳ್ಬೇಡ, ಅವಳು ದುಡುಕ್ತಾಳೆ ಅಂದ್ರು. ನೀವೇ ಸಾವ್ಕಾರ್ರನ್ನ ಕರ್ಸಿ ಏಳಿ ಅಂತ ನಾನು ಒಂದೇ ಸಮ್ನೆ ಜಗಳ ಆಡ್ದೆ. 'ನಾನ್ ಏಳುದ್ರೆ ಕಳ್ಳನ ಮಾತು ಅಂತಾರೆ ಕಣೇ. ಪ್ರಸಾದಣ್ಣ ಏಳುದ್ರೆ ನಂಬ್ತಾರೆ. ಅವ್ರು ಏಳ್ತಾರೆ, ನೋಡ್ತಿರು' ಅಂದ್ರು."

ನಾನು ಮಂಚದ ತುದಿಯಲ್ಲಿ ಕೂತೆ.

"ಬೀದೀಲಿ ನಿಮ್ ಗಾಡಿ ಸದ್ದು ಕೇಳುದ್ರೆ ಸಾಕು, 'ಇವತ್ತು ಏಳ್ತಾರೆ, ನನ್ನ ಎತ್ತಿ ಕೂರ್ಸು, ಶರ್ಟ್ ಹಾಕು' ಅನ್ನೋರು. ಮಲ್ಗಿರೋನ್ ಮುಂದೆ ಆ ಮಾತು ಏಳುಕ್ಕೆ ನಿಮ್ಗೆ ಕಷ್ಟಾಯ್ತದೆ ಅಂತ. ಅಷ್ಟ್ ಸಲವೂ ಕೂರ್ಸಿದ್ದೀನಿ. ನೀವು ಓದ ಮೇಲೆ ಮಲಗ್ಸಿದ್ದೀನಿ."

ಒಂಬತ್ತು ಸಲ ಹೋಗಿದ್ದೆ ನಾನು ಆ ಮನೆಗೆ. ಆ ಬೆನ್ನಿಟ್ಟುಕೊಂಡು ಒಂಬತ್ತು ಸಲ ಎದ್ದು ಕೂತಿದ್ದ.

"ಈಗ ಯಾಕ್ ಬಂದು ನನ್ ಅತ್ರ ಏಳ್ತಿದೀರ ಅಣ್ಣ? ನಂಗ್ ಗೊತ್ತಿದ್ದದ್ದೇ. ಗೊತ್ತಿಲ್ದಿರೋರ್ಗೆ ಏಳಿ" ಅಂದಳು. ಕೋಪವಿರಲಿಲ್ಲ. ಎದ್ದು ಒಲೆಯ ಕಡೆ ಹೋದಳು.

20 ಜುಲೈ, ಶುಕ್ರವಾರ. ಬೆಳಿಗ್ಗೆ 7

ಹತ್ತು ಗಂಟೆಗೆ ಪ್ರಭುಸ್ವಾಮಿಯವರ ರೂಮಿಗೆ ಹೋಗುವುದು. ಬಾಯಲ್ಲಿ ಹೇಳಿದರೆ ಅರ್ಧಕ್ಕೆ ನುಂಗುತ್ತೇನೆ, ನನ್ನನ್ನು ನಾನು ಬಲ್ಲೆ. ಬರೆದೇ ಕೊಡಬೇಕು. ಪ್ರೀತಿಗೂ ಒಂದು ಪ್ರತಿ. ಮೊದಲು ಇಲ್ಲಿ ಬರೆದು ನೋಡಿ, ಆಮೇಲೆ ಬಿಳಿ ಹಾಳೆಗೆ.

ಶ್ರೀ ಪ್ರಭುಸ್ವಾಮಿಯವರಿಗೆ,

ಮಾನ್ಯರೇ, ನಮ್ಮ ಶೆಡ್ಡಿನ ಬಾಗಿಲ ಮೇಲೆ ಬರೆದಿರುವ ಲೆಕ್ಕ ತಪ್ಪು. ಬಂಡೆದಾರಿಯಲ್ಲಿ ಗಾಡಿ ಲೀಟರಿಗೆ ಹತ್ತು ಕಿಲೋಮೀಟರ್ ಕೂಡ ಓಡುವುದಿಲ್ಲ. ದಿವಂಗತ ಚಿಕ್ಕಬಸವಯ್ಯನವರು ಪೆಟ್ರೋಲ್ ಕದ್ದಿರಲಿಲ್ಲ. ಅವರಿಗೆ ಗಾಡಿ ಓಡಿಸಲು ನನಗಿಂತ ಚೆನ್ನಾಗಿ ಬರುತ್ತಿತ್ತು. ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಬಾರದು ಎಂದು ಅವರು ನನಗೆ ಹೇಳಿದ್ದರು. ಆದರೂ ಆಫ್ ಮಾಡುವಂತೆ ಅವರಿಗೆ ಹೇಳಿಕೊಟ್ಟದ್ದು —